ಮಳೆ ಕಡಿಮೆಯಾಗಿಲ್ಲ, ಅರ್ಕಾವತಿ ಮಾತ್ರ ಹರಿಯುತ್ತಿಲ್ಲ. ಯಾಕೆ?

ಅರ್ಕಾವತಿ_ದಂಡೆ (ದೊಡ್ಡಬಳ್ಳಾಪುರ):

ನಮ್ಮ ಕಡೆ ಗ್ರಾಮಸಭೆ ಇರಲಿ, ಟೀ ಅಂಗಡಿ ಇರಲಿ, ಅರ್ಕಾವತಿ ಮಾತು ಬಂತೆಂದರೆ ತೀರ್ಪು ಸಿದ್ಧ: "ಹವಾಮಾನ ಕೆಟ್ಟೋಯ್ತು, ಮಳೆ ಇಲ್ಲ, ಹೊಳೆ ಬತ್ತೋಯ್ತು." ಹೇಳಿದವರಿಗೂ ನಿರಾಳ, ಕೇಳಿದವರಿಗೂ ನಿರಾಳ. ಮೋಡದ ಮೇಲೆ ಯಾರೂ ಕೇಸು ಹಾಕುವುದಿಲ್ಲವಲ್ಲ.

ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ (ಟಿ.ಜಿ. ಹಳ್ಳಿ), ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುವ ಈ ಹೊಳೆಯನ್ನು ಬೆಂಗಳೂರು ಎರಡು ಸಲ ನೆಚ್ಚಿಕೊಂಡಿತ್ತು. 1894ರಲ್ಲಿ ಹೆಸರಘಟ್ಟದಿಂದ, 1933ರಿಂದ ಟಿ.ಜಿ. ಹಳ್ಳಿ ಜಲಾಶಯದಿಂದ ಊರಿಗೆ ನೀರು ಹೋಯಿತು. ಹೆಸರಘಟ್ಟ ಮೊದಲು ಕೈಕೊಟ್ಟಿತು. ಟಿ.ಜಿ. ಹಳ್ಳಿಗೆ ಬರುವ ನೀರು 1980ರ ದಶಕದಿಂದ ಇಳಿಯುತ್ತಾ ಹೋಯಿತು.

ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು 2015ರಲ್ಲಿ ಇದೇ ಪ್ರಶ್ನೆ ಹಿಡಿದು ಒಂದು ಅಧ್ಯಯನ ಪ್ರಕಟಿಸಿದರು. ಮಳೆಯ ಪ್ರಮಾಣ, ಅದು ಬೀಳುವ ಕಾಲ, ಅದರ ಬಿರುಸು, ಏರಿದ ಬಿಸಿಲು, ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿದರು. ಇಷ್ಟು ದೊಡ್ಡ ಕುಸಿತಕ್ಕೆ ಇವು ಯಾವುವೂ ಕಾರಣವಾಗಲಾರವು ಎಂದು ಕಂಡಿತು. ಬೊಟ್ಟು ತೋರಿದ್ದು ಕೊಳವೆಬಾವಿಗಳ ಕಡೆಗೆ, ನೀಲಗಿರಿ ತೋಪುಗಳ ಕಡೆಗೆ. ಅಡ್ಡಕಟ್ಟೆ, ಹಳ್ಳದ ಒತ್ತುವರಿಗೆ ಆಮೇಲಿನ ಸ್ಥಾನ.

ಅಂದರೆ ಹೊಳೆಯನ್ನು ಬರಿದು ಮಾಡಿದ್ದು ಮೇಲಿನ ಆಕಾಶವಲ್ಲ, ಕೆಳಗಿನ ನೆಲವನ್ನು ನಾವು ಬಳಸಿದ ರೀತಿ. ಇದನ್ನು ಒಪ್ಪುತ್ತೀರಾ? ಕೊಳವೆಬಾವಿ, ನೀಲಗಿರಿ, ಬೈರಮಂಗಲದ ಕಡೆಯ ಅನುಭವ ಇದ್ದವರು ಬರೆಯಿರಿ. ರಾಜಕೀಯ ಬೇಡ.

ರಾಗಿಹೊಲ (ನೆಲಮಂಗಲ ತಾಲ್ಲೂಕು):

ಮಳೆ ಕಡಿಮೆ ಆಗಿಲ್ಲ ಅನ್ನೋದು ಕುರ್ಚಿ ಮೇಲೆ ಕೂತ ಲೆಕ್ಕ ಸಾರ್. ಹೊಲದಲ್ಲಿ ನಿಂತು ನೋಡಿ. ಭರಣಿ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಿದ್ರು ನಮ್ಮಪ್ಪ. ಈಗ ಭರಣಿ ಬಂದ್ರೂ ಆಮೇಲಿನ ಮಳೆ ನಂಬೋ ಹಾಗಿಲ್ಲ. ರಾಗಿ ಬಿತ್ತೋ ಹೊತ್ತಿಗೆ ಬಿಸಿಲು, ಕೊಯ್ಲು ಮಾಡಿ ಮೆದೆ ಹಾಕೋ ಹೊತ್ತಿಗೆ ಜಡಿಮಳೆ. 2021ರ ನವೆಂಬರ್‌ನಲ್ಲಿ ತೆನೆ ಹೊಲದಲ್ಲೇ ಮೊಳಕೆ ಬಂತು. ವರ್ಷದ ಒಟ್ಟು ಮಳೆ ಸರಿ ಇದೆ ಅಂದ್ರೆ ನನಗೇನು ಸಿಕ್ತು?

ಜಲಲೆಕ್ಕ:

ಅಣ್ಣ, ನೀವು ಹೇಳಿದ್ದೂ ಸರಿ, ಮೇಲಿನ ಲೆಕ್ಕವೂ ಸರಿ. ಬೆಳೆಗೆ ಬೇಕಾದದ್ದು ಹೊತ್ತಿಗೆ ಸರಿಯಾದ ಮಳೆ. ಹೊಳೆಗೆ ಬೇಕಾದದ್ದು ಬೇರೆ.

ಹೊಳೆಯ ನೀರು ಎರಡು ದಾರಿಯಿಂದ ಬರುತ್ತದೆ. ಜೋರು ಮಳೆ ಬಿದ್ದ ದಿನ ನೆಲದ ಮೇಲಿಂದ ಕೊಚ್ಚಿಕೊಂಡು ಬರುವ ಕೆಂಪು ನೀರು ಒಂದು. ನೆಲದೊಳಗೆ ಇಂಗಿ, ಇಳಿಜಾರಿನ ಬುಡದಲ್ಲಿ ಒಸರಿ, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಜಿನುಗುವ ತಿಳಿನೀರು ಇನ್ನೊಂದು. ಹಳಬರು "ಸಂಕ್ರಾಂತಿ ದಾಟಿದ ಮೇಲೂ ಹೊಳೆ ಹರೀತಿತ್ತು" ಎನ್ನುವುದು ಈ ಎರಡನೆಯದರ ಬಗ್ಗೆ. ಅದು ಹರಿಯಬೇಕಾದರೆ ಅಂತರ್ಜಲದ ಮಟ್ಟ ಹಳ್ಳದ ತಳಕ್ಕಿಂತ ಮೇಲಿರಬೇಕು. ತೆರೆದ ಬಾವಿಗಳಲ್ಲಿ ನೀರು ಕಾಣುತ್ತಿದ್ದ ಕಾಲದಲ್ಲಿ ಹಾಗೇ ಇತ್ತು.

ಈಗ ಆ ಮಟ್ಟ ನೂರಾರು ಅಡಿ ಕೆಳಗೆ ಹೋಗಿದೆ. ಹಳ್ಳಕ್ಕೆ ನೆಲದಿಂದ ನೀರು ಬರುವ ಬದಲು ಹಳ್ಳದ ನೀರೇ ನೆಲಕ್ಕೆ ಇಳಿದುಹೋಗುತ್ತದೆ. ಮಳೆ ಮೊದಲು ಆ ಒಣ ಮಣ್ಣನ್ನೆಲ್ಲಾ ನೆನೆಸಬೇಕು, ಉಳಿದರೆ ಹರಿವು. ಸರಾಸರಿ 800-900 ಮಿ.ಮೀ. ಮಳೆಯ ಸೀಮೆಯಲ್ಲಿ ಉಳಿಯುವುದು ಅಷ್ಟರಲ್ಲೇ ಇದೆ.

ಹಾಗಾಗಿ ಹವಾಮಾನ ಮುಗ್ಧ ಎಂದು ನಾನು ಹೇಳುವುದಿಲ್ಲ. ಬಿಸಿಲು ಏರಿದಷ್ಟೂ ಆವಿ ಹೆಚ್ಚು, ಬೋರು ಹೆಚ್ಚು ಹೊತ್ತು ಓಡುತ್ತದೆ. ಆದರೆ ಅರ್ಕಾವತಿಯ ಮಟ್ಟಿಗೆ ಅದು ಎರಡನೇ ಆರೋಪಿ.

ರಿಗ್_ಗಾಡಿ:

ನಾನು ಪಾಯಿಂಟ್ ತೋರ್ಸೋನಲ್ಲ, ಕೊರೆಯೋನು. ತೆಂಗಿನಕಾಯಿ ಹಿಡ್ಕೊಂಡು ಹೊಲ ಸುತ್ತೋರು ಬೇರೆ, ಗಾಡಿ ತಂದು ನಿಲ್ಸೋನು ನಾನು. ಅದಕ್ಕೇ ನನ್ನ ಮಾತು ಸ್ವಲ್ಪ ಕೇಳಿ.

ನಾನು ಈ ಕಸುಬಿಗೆ ಬಂದಾಗ ದೊಡ್ಡಬಳ್ಳಾಪುರ ಸುತ್ತ 300-400 ಅಡಿಗೆ ನೀರು ಸಿಕ್ತಿತ್ತು. ಈಗ 1,200 ಅಡಿ ಮಾಮೂಲಿ, 1,500ಕ್ಕೂ ಹೋಗಿದೀವಿ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು. ಆ ಕೊಳೆತ ಕಲ್ಲಲ್ಲೇ ಹಿಂದೆ ಬಾವಿ ನೀರು ಇರ್ತಿದ್ದು. ಈಗ ಅಲ್ಲಿ ಬರೀ ಧೂಳು ಏಳುತ್ತೆ. ಆ ಭಾಗಕ್ಕೆ ಕೇಸಿಂಗ್ ಪೈಪ್ ಇಳಿಸಿ ಮುಚ್ಚಿಬಿಡ್ತೀವಿ. ಅಲ್ಲಿಂದ ಕೆಳಗೆ ಗಟ್ಟಿ ಕಲ್ಲು, ಕಲ್ಲಲ್ಲಿ ಬಿರುಕು ಸಿಕ್ಕಿದ್ರೆ ನೀರು, ಸಿಗದಿದ್ರೆ ರೈತನ ಸಾಲ.

ಇನ್ನೊಂದು ವಿಷಯ ಯಾರೂ ಬರೀತಿಲ್ಲ. ಆಳದಿಂದ ಬರೋ ನೀರು ಬಾಯಿಗೆ ಇಟ್ರೆ ಚಪ್ಪೆ, ಎಷ್ಟೋ ಕಡೆ ಫ್ಲೋರೈಡು. ನದಿ ಕೆಟ್ಟಿದ್ದು ಮಾತ್ರ ಅಲ್ಲ, ನದಿ ಕೆಟ್ಟ ಮೇಲೆ ನಾವು ಹುಡ್ಕೊಂಡು ಹೋದ ನೀರೂ ಕೆಟ್ಟಿದ್ದೇ.

ತಲಪರಿಗೆ (ಮಧುಗಿರಿ):

ರಿಗ್ ಅಣ್ಣನ ಮಾತು ನೂರಕ್ಕೆ ನೂರು. ನಮ್ಮ ಕಡೆ ಕೆರೆಯ ಹಿಂದೆ, ಹಳ್ಳದ ಪಕ್ಕ ತಲಪರಿಗೆಗಳಿದ್ದವು. ಮರಳು ಬಗೆದರೆ ನೀರು ತಾನಾಗಿ ಉಕ್ಕಿ ಕಾಲುವೆಗೆ ಹರಿಯುತ್ತಿತ್ತು, ಕರೆಂಟು ಬೇಡ, ಎತ್ತು ಬೇಡ. ಊರಿನವರು ಸರದಿಯಂತೆ ಹೂಳು ತೆಗೆಯುತ್ತಿದ್ದರು. ಬೋರು ಬಂದ ಮೇಲೆ ಒಂದೊಂದಾಗಿ ಸತ್ತವು. ಅವು ಸತ್ತ ಕಾಲಕ್ಕೇ ನಮ್ಮ ಜಯಮಂಗಲಿ ಹೊಳೆಯ ಬೇಸಿಗೆ ಹರಿವೂ ಸತ್ತಿತು. ಎರಡೂ ಒಂದೇ ನೀರು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಮಲ್ಲೇಶ್ವರಂ_ನಲ್ಲಿ:

ನಾವು ನಗರದವರು ಏನು ಮಾಡಬಹುದು? ನಂದಿ ಬೆಟ್ಟದಿಂದ ಹೆಸರಘಟ್ಟದವರೆಗೆ ನದಿಯ ಎರಡೂ ಬದಿ ಲಕ್ಷಾಂತರ ಮರ ನೆಟ್ಟರೆ ಹೊಳೆ ಮತ್ತೆ ಹರಿಯುವುದಿಲ್ಲವೇ? ನಮ್ಮ ಅಪಾರ್ಟ್‌ಮೆಂಟಿನವರು ಭಾನುವಾರ ಬಂದು ನೆಡಲು ತಯಾರಿದ್ದಾರೆ.

ಅರ್ಕಾವತಿ_ದಂಡೆ:

ಮೇಡಂ, ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವುದಿಲ್ಲ, ಆದರೆ ಈ ಹೊಳೆ ಕೆಟ್ಟದ್ದರಲ್ಲಿ ಮರ ನೆಟ್ಟದ್ದೂ ಒಂದು ಕಾರಣ. ಭಾರತದಲ್ಲಿ ನೀಲಗಿರಿಯನ್ನು ಮೊದಲು ನೆಟ್ಟದ್ದು ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿ ಬೆಟ್ಟದ ಮೇಲೆ ಎಂದು ಅರಣ್ಯದ ಇತಿಹಾಸ ಬರೆದವರು ಹೇಳುತ್ತಾರೆ. ಅರ್ಕಾವತಿ ಹುಟ್ಟುವ ಬೆಟ್ಟವೂ ಅದೇ. ಬೆಟ್ಟದ ಮೇಲಿನ ನಾಲ್ಕು ಗಿಡ ಹೊಳೆಯನ್ನು ಕುಡಿಯಲಿಲ್ಲ ಬಿಡಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಹೊಲಕ್ಕೂ ಇಳಿದದ್ದು ಕುಡಿಯಿತು.

ಜಲಲೆಕ್ಕ:

ಇದಕ್ಕೆ ಅಳತೆಯೂ ಇದೆ. 1990ರ ಆಸುಪಾಸಿನಲ್ಲಿ ಹೊಸಕೋಟೆ ಹತ್ತಿರದ ನೀಲಗಿರಿ ತೋಪಿನಲ್ಲಿ ಸಂಶೋಧಕರು ಮರ ಎಷ್ಟು ನೀರು ಬಳಸುತ್ತದೆ ಎಂದು ಅಳೆದರು. ಆ ಅವಧಿಯಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚನ್ನು ಮರಗಳು ಬಳಸಿದ್ದವು. ಉಳಿದದ್ದು ಎಲ್ಲಿಂದ ಬಂತು? ಬೇರು ವರ್ಷವರ್ಷಕ್ಕೂ ಕೆಳಗಿಳಿದು, ಎಂದೋ ಇಂಗಿ ಕೂತಿದ್ದ ಆಳದ ತೇವವನ್ನು ಹೀರಿತ್ತು. ಅಂಥ ನೆಲದಿಂದ ಹಳ್ಳಕ್ಕೆ ಒಸರಲು ಏನೂ ಉಳಿಯುವುದಿಲ್ಲ.

ಎಲ್ಲ ಮರವೂ ಹೀಗಲ್ಲ. ಆದರೂ ಒಣಸೀಮೆಯಲ್ಲಿ "ಮರ ನೆಟ್ಟರೆ ನದಿ" ಎಂಬ ಸೂತ್ರ ನಡೆಯುವುದಿಲ್ಲ. ಹೆಸರಘಟ್ಟದ ಹುಲ್ಲುಗಾವಲನ್ನೇ ನೋಡಿ, ಪಾಳು ಎಂದುಕೊಂಡು ಅಲ್ಲಿಯೂ ಗಿಡ ನೆಡಲು ಹೊರಟವರಿದ್ದರು. 2024ರಲ್ಲಿ 5,600 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಸಚಿವ ಸಂಪುಟ ಒಪ್ಪಿತು, ಬಚಾವ್. ಹುಲ್ಲು ಮೇಲಿನ ಮಣ್ಣಿನ ತೇವದಲ್ಲೇ ಬದುಕಿ ಬೇಸಿಗೆಯಲ್ಲಿ ಒಣಗುತ್ತದೆ, ಉಳಿದ ನೀರು ಕೆಳಗಿಳಿಯುತ್ತದೆ. ಮೇಡಂ, ನಿಮ್ಮವರು ಭಾನುವಾರ ಬರುವುದಾದರೆ ಗುದ್ದಲಿ ಬಿಟ್ಟು ಬನ್ನಿ, ಹಕ್ಕಿ ನೋಡಬಹುದು.

ರಾಗಿಹೊಲ:

ಎಲ್ಲರೂ ನೀಲಗಿರಿ ಹಾಕಿದ ರೈತನ ಕಡೆ ಕೈ ತೋರ್ಸ್ತಾ ಇದೀರಾ. ಯಾಕೆ ಹಾಕಿದ ಅಂತ ಒಬ್ಬರಾದ್ರೂ ಕೇಳಿ.

ನಮ್ಮ ಮನೆಯಲ್ಲಿ ಮೂರು ಜನ ಅಣ್ಣತಮ್ಮಂದಿರು. ಇಬ್ಬರು ಪೀಣ್ಯ ಕಡೆ ಕೆಲಸಕ್ಕೆ ಹೋದ್ರು. ಕಳೆ ಕೀಳೋಕೆ ಆಳು ಇಲ್ಲ. ರಾಗಿಗೆ ಬೆಲೆ ಇಲ್ಲ. ನೀಲಗಿರಿ ಆದ್ರೆ ದನ ಮುಟ್ಟಲ್ಲ, ಕಾವಲು ಬೇಡ, ನೀರು ಹಾಯಿಸೋದು ಬೇಡ. ಐದಾರು ವರ್ಷಕ್ಕೆ ಲಾರಿಯವನೇ ಬಂದು ಕಡ್ಕೊಂಡು ದುಡ್ಡು ಕೊಡ್ತಾನೆ, ಕೂಳೆ ಮತ್ತೆ ಚಿಗುರುತ್ತೆ. ಜಮೀನು ಖಾಲಿ ಬಿಟ್ರೆ ಒತ್ತುವರಿ ಭಯ. 2017ರಲ್ಲಿ ಸರ್ಕಾರ ನೀಲಗಿರಿ ನೆಡಬೇಡಿ ಅಂತು, ಸರಿ. ಇದ್ದ ಬುಡ ಕೀಳೋಕೆ ಹಿಟಾಚಿಗೆ ಎಕರೆಗೆ ಎಷ್ಟಾಗುತ್ತೆ ಅಂತ ಯಾರಾದ್ರೂ ಲೆಕ್ಕ ಹಾಕಿದ್ರಾ?

ಇನ್ನೊಂದು ನೇರವಾಗಿ ಕೇಳ್ತೀನಿ. ಟಿ.ಜಿ. ಹಳ್ಳಿ ತುಂಬಿಲ್ಲ ಅಂತ ಅಳೋರು ಯಾರು? ಆ ನೀರು ಬೆಂಗಳೂರಿಗೆ ಹೋಗ್ತಿತ್ತು, ನನ್ನ ಹೊಲಕ್ಕಲ್ಲ. ನಾನು ಬದು ಹಾಕಿ, ಕೃಷಿ ಹೊಂಡ ತೋಡಿ, ನನ್ನ ಮೇಲೆ ಬಿದ್ದ ಮಳೆನ ನಾನೇ ಹಿಡಿದ್ರೆ ಅದು ನದಿಗೆ ಮಾಡಿದ ಮೋಸನಾ? 2003ರಲ್ಲಿ ಜಲಾಶಯದ ಜಲಾನಯನ ಕಾಪಾಡಬೇಕು ಅಂತ ಆದೇಶ ಬಂತು, ಮನೆ ಕಟ್ಟೋಕೆ, ಶೆಡ್ ಹಾಕೋಕೆ ನಿರ್ಬಂಧ. ಆ ಕಡೆ ಲೇಔಟ್ ಮೇಲೆ ಲೇಔಟ್ ಎದ್ದೇ ಎದ್ವು.

ಜಲಲೆಕ್ಕ:

ಈ ಪ್ರಶ್ನೆಗೆ ನನ್ನ ಹತ್ತಿರ ಲೆಕ್ಕದ ಉತ್ತರ ಇಲ್ಲ ಅಣ್ಣ, ಇದು ಲೆಕ್ಕದ ಪ್ರಶ್ನೆಯೇ ಅಲ್ಲ. ಹೊಲದಲ್ಲಿ ರಾಗಿಯಾದ ನೀರು ವ್ಯರ್ಥವಾದ ನೀರಲ್ಲ. ಒಂದು ಮಾತು ಮಾತ್ರ: ಬದು, ಹೊಂಡ ಹಿಡಿಯುವುದು ಆ ವರ್ಷದ ಮಳೆಯನ್ನು. 1,200 ಅಡಿಯ ಬೋರು ಎತ್ತುವುದು ಮಕ್ಕಳ ಕಾಲದ ನೀರನ್ನೂ ಸೇರಿಸಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಎಷ್ಟು ಆಳದಿಂದ ಎತ್ತಿದರೂ ಬಿಲ್ಲಿನಲ್ಲಿ ಕಾಣುವುದಿಲ್ಲ.

ರಿಗ್_ಗಾಡಿ:

ಕರೆಂಟು ಬಿಲ್ಲಲ್ಲಿ ಕಾಣಲ್ಲ, ನನ್ನ ಬಿಲ್ಲಲ್ಲಿ ಕಾಣುತ್ತೆ 😀

ಬೈರಮಂಗಲ_ಅಚ್ಚುಕಟ್ಟು (ಬಿಡದಿ):

ಮೇಲಿನವರು ನೀರಿಲ್ಲ ಅಂತ ಅಳ್ತೀರ. ನಮ್ಮ ಕಷ್ಟ ಉಲ್ಟಾ. ಬೆಂಗಳೂರಿನ ಕೊಳಚೆ ಹೊತ್ತು ಅರ್ಕಾವತಿ ಸೇರೋ ವೃಷಭಾವತಿ ನಮ್ಮಲ್ಲಿ ಒಂದು ದಿನವೂ ನಿಂತಿಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಆಗಲೂ ನಮ್ಮ ಹೊಳೆ ತುಂಬಿ ಹರೀತಿತ್ತು. ಕಪ್ಪಗೆ, ನೊರೆ ಎತ್ಕೊಂಡು.

ಬಸವನಗುಡಿ ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟುತ್ತೆ ಅಂತಾರೆ, ಮೈಸೂರು ರಸ್ತೆ ಗಾಳಿ ಆಂಜನೇಯನ ಗುಡಿ ಪಕ್ಕ ಹಾದು ಬರುತ್ತೆ. ಹಿಂದಿನವರು ಆ ಹೊಳೇಲಿ ಸ್ನಾನ ಮಾಡಿ ದೇವರಿಗೆ ಹೋಗ್ತಿದ್ರಂತೆ. ನಮ್ಮ ಕೆರೆ ಕಟ್ಟಿದ್ದು ಭತ್ತಕ್ಕೆ ಅಂತ. ಈಗ ಭತ್ತ ಬೆಳೆಯೋರು ಇಲ್ಲ. ಆಳೆತ್ತರ ಬೆಳೆದು ಬಿದ್ದೋಗುತ್ತೆ, ಕಾಳು ಕಟ್ಟಲ್ಲ. ಸೀಮೆಹುಲ್ಲು, ಬೇಬಿ ಕಾರ್ನ್, ತೆಂಗು, ಹಿಪ್ಪುನೇರಳೆ. ಹುಲ್ಲು ಚೆನ್ನಾಗಿ ಬರುತ್ತೆ, ಹಸು ತಿನ್ನುತ್ತೆ, ಹಾಲು ಬೆಂಗಳೂರಿಗೆ ಹೋಗುತ್ತೆ. ನೀವು ಕಳಿಸಿದ್ದು ನಿಮ್ಮ ಮನೆಗೇ ವಾಪಸ್. ಕಾಲುವೆಗೆ ಇಳಿದ್ರೆ ಕಾಲು ಕೆರೆತ. ಬೋರು ನೀರು ಹಳದಿ, ಕುಡಿಯೋ ನೀರಿಗೆ ಶುದ್ಧ ಘಟಕದ ಮುಂದೆ ಕ್ಯಾನು ಹಿಡ್ಕೊಂಡು ನಿಲ್ಲಬೇಕು.

ಆದ್ರೂ ನೀರು ನಿಲ್ಸಿ ಅಂತ ನಾವು ಕೇಳಲ್ಲ. ನಿಲ್ಸಿದ್ರೆ ಹುಲ್ಲೂ ಇಲ್ಲ. ಶುದ್ಧ ಮಾಡಿ ಬಿಡಿ ಅಂತೀವಿ ಅಷ್ಟೇ.

ಅರ್ಕಾವತಿ_ದಂಡೆ:

ಇದು ಬಹಳ ಮುಖ್ಯವಾದ ಮಾತು. ಒಂದೇ ಜಲಾನಯನದಲ್ಲಿ ಎರಡು ತದ್ವಿರುದ್ಧ ಸಂಗತಿ ನಡೆದಿವೆ. ಮೇಲ್ಭಾಗದಲ್ಲಿ ನೆಲ ಬಿದ್ದ ಮಳೆಯನ್ನೆಲ್ಲಾ ನುಂಗುತ್ತದೆ. ಕೆಳಭಾಗದಲ್ಲಿ ಸಿಮೆಂಟು ಒಂದು ಹನಿಯನ್ನೂ ಒಳಗೆ ಬಿಡುವುದಿಲ್ಲ. ವೃಷಭಾವತಿಯ ಬೇಸಿಗೆ ಹರಿವು ಮಳೆಯದ್ದೂ ಅಲ್ಲ, ಅದು ಕಾವೇರಿ ನೀರು. ತೊರೆಕಾಡನಹಳ್ಳಿಯಿಂದ ನೂರು ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದದ್ದು. ಮೊದಲ ನಾಲ್ಕು ಹಂತಗಳಲ್ಲಿ ದಿನಕ್ಕೆ ಸುಮಾರು 145 ಕೋಟಿ ಲೀಟರ್, 2024ರ ಅಕ್ಟೋಬರಿನಲ್ಲಿ ಐದನೇ ಹಂತದ 77.5 ಕೋಟಿ ಲೀಟರ್ ಸೇರಿತು. ಬಳಸಿದ ನೀರಿನ ಬಹುಪಾಲು ಚರಂಡಿಗೆ ಬೀಳುತ್ತದೆ. ಅದರಲ್ಲಿ ಪಶ್ಚಿಮ ಬೆಂಗಳೂರಿನ ಪಾಲು ಬೈರಮಂಗಲ ದಾಟಿ, ಅರ್ಕಾವತಿ ಸೇರಿ, ಹಾರೋಬೆಲೆಯಲ್ಲಿ ನಿಂತು, ಸಂಗಮದಲ್ಲಿ ಮತ್ತೆ ಕಾವೇರಿಗೆ. ಅಲ್ಲಿಂದ ಕೆಳಗೆ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುತ್ತಾರೆ. ನಾವು ಬಚ್ಚಲಿಗೆ ಬಿಟ್ಟದ್ದೂ ಆ ಲೆಕ್ಕಕ್ಕೆ ಜಮಾ.

ಮಲ್ಲೇಶ್ವರಂ_ನಲ್ಲಿ:

ಇದನ್ನು ಓದಿ ಮುಜುಗರವಾಯಿತು. ಆದರೆ ಒಂದು ಸಂದೇಹ. ಮಳೆ ಚೆನ್ನಾಗಿ ಬಂದರೆ ಮೇಲ್ಭಾಗವೂ ಹರಿಯುತ್ತದಲ್ಲ? 2022ರಲ್ಲಿ ಹೆಸರಘಟ್ಟ ತುಂಬಿದ್ದನ್ನು ನೋಡಲು ನಾವೆಲ್ಲಾ ಹೋಗಿದ್ದೆವು.

ಜಲಲೆಕ್ಕ:

ತುಂಬಿತು, ನಿಜ. ಆ ವರ್ಷ ಬೆಂಗಳೂರಿನಲ್ಲಿ 1,900 ಮಿ.ಮೀ. ದಾಟಿತ್ತು, ಸರಾಸರಿಯ ಎರಡು ಪಟ್ಟು. ಹಿಂದೆ ಸಾಧಾರಣ ಮಳೆಗೆ ಹರಿಯುತ್ತಿದ್ದ ಹೊಳೆಗೆ ಈಗ ದಾಖಲೆ ಮಳೆ ಬೇಕು ಎಂದರೆ ಅದೇ ರೋಗದ ಲಕ್ಷಣ. ಅದೇ ವರ್ಷದ ಆಗಸ್ಟ್ ಕೊನೆಗೆ ರಾಮನಗರ ಮುಳುಗಿತು, ಮೈಸೂರು ಹೆದ್ದಾರಿಯಲ್ಲಿ ಬಸ್ಸುಗಳು ನೀರಲ್ಲಿ ನಿಂತವು. ಮರುವರ್ಷ ಬರ. ಹವಾಮಾನದ ಪಾತ್ರ ಇಲ್ಲಿ ಕಾಣುತ್ತದೆ ನೋಡಿ: ಒಟ್ಟು ಮಳೆ ಇಳಿಸುವುದಲ್ಲ, ಅತಿ ಮತ್ತು ಅನಾವೃಷ್ಟಿಯ ನಡುವೆ ತೂಗಾಡಿಸುವುದು. ನೆಲದಲ್ಲಿ ನೀರು ಉಳಿದಿದ್ದರೆ ಆ ತೂಗಾಟವನ್ನು ಹೊಳೆ ತಾಳಿಕೊಳ್ಳುತ್ತಿತ್ತು.

ಕೊಳೆಗೂ ಇದಕ್ಕೂ ನೇರ ಸಂಬಂಧ ಇದೆ. ನೀರಿನಲ್ಲಿರುವ ಸಾವಯವ ಕೊಳೆಯನ್ನು ಬಿಒಡಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸ್ನಾನಕ್ಕೆ ಯೋಗ್ಯ ಎನ್ನಲು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, 30 ಮೀರಿದರೆ ಅತಿ ಮಲಿನ ಎಂಬ ಮೊದಲ ಪಟ್ಟಿಗೆ. ಮೇಲಿನಿಂದ ತಿಳಿನೀರು ಬರುತ್ತಿದ್ದರೆ ಊರಿನ ಒಂದಿಷ್ಟು ಕೊಳೆಯನ್ನು ಹೊಳೆ ತೆಳುಮಾಡಿ, ಆಮ್ಲಜನಕ ಕೊಟ್ಟು ಅರಗಿಸಿಕೊಳ್ಳುತ್ತದೆ. ತಿಳಿನೀರೇ ಇಲ್ಲದ ಕಡೆ ಒಂದು ಸಣ್ಣ ಪಟ್ಟಣದ ಚರಂಡಿಯೂ ಸಾಕು. 2018ರ ಕೇಂದ್ರದ ಪಟ್ಟಿಯಲ್ಲಿ ರಾಜ್ಯದ 17 ಮಲಿನ ನದಿ ಭಾಗಗಳಿದ್ದವು, ಅರ್ಕಾವತಿಯೂ ಅದರಲ್ಲಿತ್ತು.

ಅರ್ಕಾವತಿ_ದಂಡೆ:

ನಮ್ಮಲ್ಲಿ ಆಗಿರುವುದೂ ಅದೇ. ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳಿಗೆ ಕೊಳಚೆ ಬರುತ್ತಿದೆ ಎಂದು ಆ ಊರಿನವರು ವರ್ಷಗಳಿಂದ ಬೀದಿಗಿಳಿದಿದ್ದಾರೆ. ಕೆರೆಗೆ ಬೇರೆ ನೀರೇ ಬರದಿರುವಾಗ ಬಂದದ್ದೇ ಕೆರೆಯಾಗುತ್ತದೆ. ಬೆಂಗಳೂರಿನ ಪೂರ್ವಕ್ಕೂ ಇದೇ ಕಥೆ: ಬೆಳ್ಳಂದೂರು, ವರ್ತೂರಿನ ನೊರೆ ದಕ್ಷಿಣ ಪಿನಾಕಿನಿಯಲ್ಲಿ ಇಳಿದು ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಏಳುತ್ತದೆ. ಆ ನದಿಯೂ ಹುಟ್ಟುವುದು ನಂದಿಯ ಸೀಮೆಯಲ್ಲೇ.

ಕೊಡಗಿನ_ಮಳೆ (ಮಡಿಕೇರಿ):

ದೂರದಿಂದ ಓದುತ್ತಿದ್ದೆ. ನಿಮ್ಮ ಅರ್ಕಾವತಿಯ ತೀರ್ಪನ್ನು ಎಲ್ಲ ಹೊಳೆಗೂ ಹಚ್ಚಬೇಡಿ ಎಂದು ಹೇಳಲು ಬಂದೆ. 2018ರ ಆಗಸ್ಟಿನಲ್ಲಿ ನಮ್ಮಲ್ಲಿ ಗುಡ್ಡ ಜರಿದಾಗ ಮಳೆ ನೆಪವಾಗಿರಲಿಲ್ಲ, ನಿಜವಾಗಿಯೂ ಭಯಂಕರವಾಗಿ ಸುರಿದಿತ್ತು. ಆದರೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಇಳಿಜಾರನ್ನು ಕಡಿದ ಕಡೆ ಜರಿದದ್ದು ಹೆಚ್ಚು. ಇಲ್ಲಿ ಮಳೆ ಮತ್ತು ಜೆಸಿಬಿ ಕೂಡಿ ಕೆಲಸ ಮಾಡಿದವು. ಆ ಮಣ್ಣೆಲ್ಲಾ ಹೋದದ್ದು ಕಾವೇರಿಗೆ, ಹಾರಂಗಿಗೆ. ನಿಮ್ಮ ನಲ್ಲಿಯ ನೀರು ಶುರುವಾಗುವುದು ಇಲ್ಲಿಂದ ಎನ್ನುವುದು ನೆನಪಿರಲಿ.

ಹಾಲಿನ_ಕ್ಯಾನು:

ಪಶ್ಚಿಮ ಘಟ್ಟದಿಂದ ಈ ಕಡೆಗೆ ಎತ್ತಿನಹೊಳೆ ನೀರು ಬರ್ತದಲ್ಲ, ಆಗ ಎಲ್ಲ ಸರಿಹೋಗುತ್ತೆ. 24 ಟಿಎಂಸಿ!

ಕೊಡಗಿನ_ಮಳೆ (ಮಡಿಕೇರಿ):

ಸಕಲೇಶಪುರದವರನ್ನು, ನೇತ್ರಾವತಿ ಕೆಳಗಿನವರನ್ನು ಕೇಳಿದ್ದೀರಾ? ಅಷ್ಟು ನೀರು ಅಲ್ಲಿ ಇದೆಯೇ ಎಂಬುದೇ ಜಗಳ.

ನಿರ್ವಾಹಕ:

ಎತ್ತಿನಹೊಳೆಗೆ ಬೇರೆ ಚರ್ಚೆ ತೆರೆದಿದೆ, ಅಲ್ಲಿ ಮುಂದುವರಿಸಿ. ಇಲ್ಲಿ ಆ ವಿಷಯದ ಮುಂದಿನ ಪ್ರತಿಕ್ರಿಯೆಗಳನ್ನು ತೆಗೆಯಲಾಗುವುದು.

ಬೈರಮಂಗಲ_ಅಚ್ಚುಕಟ್ಟು (ಬಿಡದಿ):

ನನಗೊಂದು ಅನುಮಾನ ಇದೆ, ತಿಳಿದೋರು ಹೇಳಿ. ವೃಷಭಾವತಿ ನೀರನ್ನ ಸಂಸ್ಕರಿಸಿ ನೆಲಮಂಗಲ ಕಡೆ ಕೆರೆಗಳಿಗೆ ಏರಿಸ್ತಾರೆ ಅಂತ ಯೋಜನೆ ಇದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರಕ್ಕೆ 2018ರಿಂದ ಹೋಗ್ತಿದೆಯಲ್ಲ, ಆ ಥರ. ಚೆನ್ನಾಗಿ ಶುದ್ಧ ಮಾಡಿದ್ದು ಮೇಲಕ್ಕೆ ಹೋಗಿ, ಮಾಡದೆ ಉಳಿದಿದ್ದು ನಮಗೆ ಬಂದ್ರೆ? ನೀರು ಅರ್ಧ, ಕೊಳೆ ಅಷ್ಟೇ.

ರಾಗಿಹೊಲ:

ಅಣ್ಣ, ಅದು ಮೇಲಕ್ಕೆ ಬಂದ್ರೆ ನಮ್ಮ ಕೆರೆಗೆ. ಕೋಲಾರದಲ್ಲಿ ಬೋರಲ್ಲಿ ನೀರು ಮೇಲೆ ಬಂದಿದೆ ಅಂತ ಸಂಬಂಧಿಕರು ಹೇಳ್ತಾರೆ. ಎರಡೇ ಹಂತ ಶುದ್ಧಿ ಮಾಡ್ತಾರೆ, ಮೂರನೇ ಹಂತ ಇಲ್ಲ ಅಂತಲೂ ಹೇಳ್ತಾರೆ. ನೀರು ಬೇಡ ಅನ್ನೋ ಶಕ್ತಿ ನನಗಿಲ್ಲ. ಆದ್ರೆ ನೀವು ಕೇಳಿದ ಪ್ರಶ್ನೆ ನಮ್ಮೂರ ಸಭೆಯಲ್ಲಿ ನಾನೇ ಎತ್ತುತೀನಿ.

ಜಲಲೆಕ್ಕ:

ಬೈರಮಂಗಲದವರ ಅನುಮಾನ ಸರಿಯಾದದ್ದೇ. ಹರಿವು ಕಡಿಮೆಯಾಗಿ ಸಂಸ್ಕರಿಸದ ಪಾಲು ಹಾಗೆಯೇ ಉಳಿದರೆ ಪ್ರತಿ ಲೀಟರಿನ ಕೊಳೆ ಏರುತ್ತದೆ. ಆದ್ದರಿಂದ ಎಷ್ಟು ಎತ್ತುತ್ತೀರಿ ಎನ್ನುವುದರ ಜೊತೆಗೆ ಕೆಳಗೆ ಎಷ್ಟು, ಎಂಥದ್ದು ಬಿಡುತ್ತೀರಿ ಎಂದು ಮೊದಲೇ ಬರೆಸಿಕೊಳ್ಳಬೇಕು.

ಒಂದು ಕೋರಿಕೆ ಎಲ್ಲರಿಗೂ. ಹಳೆಯ ತೆರೆದ ಬಾವಿ ಇದ್ದವರು ಅದರ ವಿವರ ಹಾಕಿ: ಕಪಿಲೆ ಕಲ್ಲು (ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಲ್ಲುಕಂಬ) ಇದೆಯೇ, ಮೋಟಾರು ಕೂರಿಸಲು ಒಳಗೆ ಕಟ್ಟಿದ ಮೆಟ್ಟಿಲು ಎಷ್ಟು ಅಡಿಯಲ್ಲಿದೆ, ಬಾವಿಯೊಳಗೆ ಬೋರು ಹಾಕಿದ್ದು ಯಾವ ವರ್ಷ. ನೀರು ಯಾವಾಗ ಎಷ್ಟು ಇಳಿಯಿತು ಎನ್ನುವುದಕ್ಕೆ ಹಳ್ಳಿಗಳಲ್ಲಿ ಉಳಿದಿರುವ ದಾಖಲೆ ಅದೊಂದೇ.

ರಾಗಿಹೊಲ:

ನಮ್ಮದು: ಕಪಿಲೆ ಕಲ್ಲು ಎರಡೂ ಇದೆ. ಮೋಟಾರಿನ ಮೊದಲ ಕಟ್ಟೆ 18 ಅಡಿ, ಎರಡನೇದು 34. ತಳ 50ರ ಮೇಲೆ. ಒಳಗೆ ಬೋರು ಹಾಕಿದ್ದು 1986, ಅಪ್ಪ ಸಾಲ ಮಾಡಿದ ಪತ್ರ ಇದೆ. ಹೊರಗೆ ಹೊಸ ಬೋರು 2004, 620 ಅಡಿ. ಅದೂ ನಿಂತು ಇನ್ನೊಂದು. ಫೋಟೊ ನಾಳೆ ಹಾಕ್ತೀನಿ. ರಿಗ್ ಅಣ್ಣ, 2004ರಲ್ಲಿ ನಮ್ಮೂರಿಗೆ ಬಂದಿದ್ದು ನಿಮ್ಮ ಗಾಡೀನೇ ಏನೋ, ನೋಡಿ ಹೇಳಿ.